ಉಗಿ ಕಾಣಬೇಕಾದರೆ ಚಳಿ ಬೇಕು

ನಮ್ಮ ಹಿರಿಯರ ಬಾಯಲ್ಲಿ ರೈಲು ಹೊಗೆಬಂಡಿ. ಉಗಿಬಂಡಿ ಎಂಬ ಮಾತೂ ಇತ್ತು. ಎರಡೂ ಒಂದೇ ಎಂದುಕೊಂಡಿದ್ದೆ. ಒಂದೇ ಅಲ್ಲವೆಂದು ಕಣ್ಣಾರೆ ಕಂಡದ್ದು ಚೀನಾದ ಸಿಂಜಿಯಾಂಗ್‌ನಲ್ಲಿ, ಹಾಮಿಗೆ ಪಶ್ಚಿಮದ ಸಾನ್‌ದಾವ್‌ಲಿಂಗ್ ಕಲ್ಲಿದ್ದಲು ಗಣಿಯ ಅಂಚಿನಲ್ಲಿ ನಿಂತಾಗ. ಕರಿ ಹೊಗೆ ಯಾವ ಹವೆಯಲ್ಲೂ ಕಾಣುತ್ತದೆ. ಉಗಿ ಹಾಗಲ್ಲ. ಸೆಕೆಗಾಲದಲ್ಲಿ ಚಿಮಣಿ ದಾಟಿದ್ದೇ ಕರಗಿಹೋಗುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಾದರೆ ಹಿಂಜಿದ ಅರಳೆಯ ಹಾಗೆ ಇಡೀ ರೈಲಿನ ಮೇಲೆ ಹಾಸಿಕೊಳ್ಳುತ್ತದೆ. ಕ್ಯಾಮೆರಾ ಹೊತ್ತವರು ಚಳಿಗಾಲದಲ್ಲೇ ಅಲ್ಲಿಗೆ ಹೋಗುತ್ತಿದ್ದುದು ಅದಕ್ಕೇ. ಬ್ಯಾಟರಿಗಳನ್ನು ಮಾತ್ರ ಸ್ವೆಟರಿನೊಳಗೆ ಎದೆಗೊತ್ತಿ ಇಟ್ಟುಕೊಳ್ಳಬೇಕು.

ಚೀನಾಕ್ಕೆಲ್ಲ ಬೀಜಿಂಗಿನದೇ ಗಡಿಯಾರ. ಜನವರಿಯ ಹಾಮಿಯಲ್ಲಿ ಸೂರ್ಯ ಮೂಡುವಾಗ 9 ದಾಟಿರುತ್ತದೆ, ಮೂಡಿದ ಮೇಲೂ ನೆತ್ತಿಗೆ ಬರುವುದಿಲ್ಲ. ಆ ಓರೆಬಿಸಿಲೇ ಬೇಕು. ಕರಿ ಎಂಜಿನ್ನಿಗೆ ಬೆಳಕು ಹೊಂದಿಸಿದರೆ ಉಗಿ ಬರೀ ಬಿಳಿ ಹಾಳೆ. ಉಗಿಗೆ ಹೊಂದಿಸಿದರೆ ಎಂಜಿನ್ ಇದ್ದಿಲ ಮುದ್ದೆ. ಓರೆಬಿಸಿಲು ಚಕ್ರಗಳ ನಡುವೆ ನುಸುಳಿ, ಅವನ್ನು ತಿರುಗಿಸುವ ಉಕ್ಕಿನ ಸಲಾಕೆಗಳನ್ನು ಮಿಂಚಿಸಿ, ಎರಡಕ್ಕೂ ರಾಜಿ ಮಾಡಿಸುತ್ತದೆ.

ಅಲ್ಲಿ ದುಡಿಯುತ್ತಿದ್ದುದು ‘ಜಿಯಾನ್‌ಷೆ’ ಎಂಜಿನ್ನುಗಳು. ಹಾಗೆಂದರೆ ನಿರ್ಮಾಣ. ಇದರ ದೊಡ್ಡಣ್ಣನ ಹೆಸರು ‘ಚಿಯಾನ್‌ಜಿನ್’, ಮುನ್ನಡೆ. ದಾತೊಂಗ್ ಕಾರ್ಖಾನೆ ಚಿಯಾನ್‌ಜಿನ್‌ಗಳನ್ನು 1988ರವರೆಗೂ ಕಟ್ಟಿತು. ಒಳಮಂಗೋಲಿಯಾದ ಜಿತೊಂಗ್ ಮಾರ್ಗದಲ್ಲಿ ಅವು 2005ರವರೆಗೂ ಓಡಿದವು. ಆಮೇಲೆ ಉಗಿಬಂಡಿ ಉಳಿದದ್ದು ಗಣಿ, ಕಾರ್ಖಾನೆಗಳ ಹಳಿಗಳಲ್ಲಿ. ಕಲ್ಲಿದ್ದಲು ಕಾಲಬುಡದಲ್ಲೇ ಬಿದ್ದಿರುವಾಗ ಗಣಿಯವರು ಡೀಸೆಲ್ಲಿಗೆ ಅವಸರಪಡುವುದಾದರೂ ಏಕೆ?

ಪ್ರವಾಸಿಗರಿಗಾಗಿ ಓಡಿಸುವ ಉಗಿರೈಲುಗಳನ್ನೂ ನೋಡಿದ್ದೇನೆ. ಚೆಂದವೇ. ಆದರೆ ಹಗುರ ಡಬ್ಬಿ ಎಳೆಯುವ ಎಂಜಿನ್ನಿಗೆ ಏದುಸಿರಿಲ್ಲ. ಸಾನ್‌ದಾವ್‌ಲಿಂಗ್‌ನಲ್ಲಿ ಕಲ್ಲಿದ್ದಲು ತುಂಬಿದ ವ್ಯಾಗನ್ನುಗಳು ಗುಂಡಿಯಿಂದ ಮೇಲೇರಬೇಕಿತ್ತು. ರೈಲು ಕಣ್ಣಿಗೆ ಬೀಳುವ ಮೊದಲೇ ಅದರ ಉಸಿರು ಕೇಳಿಸುತ್ತಿತ್ತು, ಏರಿನಲ್ಲಿ ನಿಧಾನವಾಗುತ್ತಾ ಬರುತ್ತಿತ್ತು. ಆ ಭಾರ ಚಿತ್ರದಲ್ಲೂ ಕಾಣುತ್ತದೆಂದು ನಾನು ನಂಬಿದ್ದೇನೆ.

ರಾತ್ರಿಯ ಮಾತೇ ಬೇರೆ. ಏರು ಹತ್ತುವಾಗ ಚಿಮಣಿ ದೀಪಾವಳಿಯ ಹೂಕುಂಡದಂತೆ ಕಿಡಿ ಕಾರುತ್ತಿತ್ತು. ಷಟರ್ ಕೆಲವು ಸೆಕೆಂಡು ತೆರೆದಿಟ್ಟರೆ ಕಿಡಿಗಳೆಲ್ಲ ಕೆಂಪು ಗೆರೆಗಳಾಗಿ ಇಳಿಯುತ್ತವೆ. ಅಂಥ ಚಿತ್ರ ಸುಮಾರು ತೆಗೆದೆ. ಮನೆಯ ಗೋಡೆಗೆ ಹಾಕಿರುವುದು ಬೇರೆ. ಬೆಂಕಿಗೂಡಿನ ಬಾಗಿಲು ತೆರೆದ ಕ್ಷಣ. ಸಲಿಕೆ ಎತ್ತಿದ ಫೈರ್‌ಮನ್‌ನ ಮುಖ ಅಲುಗಿದೆ, ತೋಳಷ್ಟೇ ಸ್ಪಷ್ಟವಾಗಿದೆ.