ಮನೆಯಲ್ಲಿ ನುಡಿಸಲು ಎಷ್ಟು ವ್ಯಾಟು ಸಾಕು?

ವಾಲ್ವ್ ಎಂದೊಡನೆ ನಮ್ಮ ತಲೆಮಾರಿನವರಿಗೆ ರೇಡಿಯೊ ನೆನಪಾಗುತ್ತದೆ. ಈಗಿನವರಿಗೆ ಹೃದಯದ ಶಸ್ತ್ರಚಿಕಿತ್ಸೆ ನೆನಪಾಗುತ್ತದೆ. ಹೀಗಾಗಿ ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಫೋನು ಮಾಡಿ, “ಸರ, ನನ್ನ ಮಗ ಗಿಟಾರಕ್ಕ ವಾಲ್ವಿನ ಆಂಪ್ಲಿಫೈಯರೇ ಬೇಕಂತ ಹಟಾ ಹಿಡದಾನ್ರಿ. ಅದೂ ಐವತ್ತು ವ್ಯಾಟಿಂದು. ವಿಜ್ಞಾನ ಕಲಿಸಿದವರು ನೀವು, ಅವಗ ಏನರ ಒಂದು ಹೇಳ್ರಿ” ಎಂದಾಗ ನನಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಸಂತೋಷವಾಯಿತು. ನನಗೆ ಗಿಟಾರ್ ನುಡಿಸಲು ಬಾರದು. ಆದರೆ ವಾಲ್ವಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅನೇಕ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಆ ಪಾಠ ಪಠ್ಯಪುಸ್ತಕದಿಂದ ಮರೆಯಾದ ಮೇಲೆ ಯಾರೂ ನನ್ನನ್ನು ಅದರ ಬಗ್ಗೆ ಕೇಳಿರಲಿಲ್ಲ.

ಆ ಮನೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ನೇಕಾರರ ಓಣಿ. ಎರಡೂ ಬದಿಯ ಮನೆಗಳಿಗೂ ಇವರ ಮನೆಗೂ ನಡುವೆ ಒಂದೊಂದೇ ಗೋಡೆ. ಲಕ್ವ ಹೊಡೆದು ಹಾಸಿಗೆ ಹಿಡಿದಿರುವ ಅಜ್ಜಿ ಒಳಕೋಣೆಯಲ್ಲಿದ್ದಾರೆ. ಹುಡುಗ ಮೂರು ವರ್ಷಗಳ ಹಿಂದೆ ತಾಯಿಯನ್ನು ಕಳೆದುಕೊಂಡವನು. ಆಗಿನಿಂದ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತಂತೆ. ಗಿಟಾರ್ ಬಂದ ಮೇಲೆ ಸಂಜೆ ಹೊತ್ತಿಗೆ ಮನೆ ಸೇರತೊಡಗಿದ್ದಾನೆ, ಊಟಕ್ಕೆ ಎಲ್ಲರೊಡನೆ ಕೂಡುತ್ತಾನೆ. ಆಂಪ್ಲಿಫೈಯರ್ ತಂದರೆ ಅಜ್ಜಿಯ ನಿದ್ದೆ ಕೆಡುತ್ತದೆ, ನೆರೆಯವರು ಜಗಳಕ್ಕೆ ಬರುತ್ತಾರೆ. ತರದಿದ್ದರೆ ಹುಡುಗ ಮತ್ತೆ ಬಾಗಿಲು ಹಾಕಿಕೊಂಡು ಕೂಡುತ್ತಾನೋ ಏನೋ. ತಂದೆ ಕೇಳಿದ್ದು ಆಂಪ್ಲಿಫೈಯರಿನ ಬಗ್ಗೆಯಾದರೂ ಅವನ ಚಿಂತೆ ಇದು.

ವಾಲ್ವಿನ ಕಥೆ ನಮ್ಮ ಕಡೆಗೆ ಹೊಸತಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅನುಕೂಲಸ್ಥರ ಮನೆಗಳಲ್ಲಿ ಅದನ್ನು ಕೇಳಲು ಎತ್ತರದ ಹಲಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿಕೊಂಡು ಕುಳಿತಿದ್ದ ಪೆಟ್ಟಿಗೆಗಳೆಲ್ಲ ವಾಲ್ವಿನವೇ. ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಕಾಯಬೇಕು. ಒಳಗೆ ಕೆಂಡದಂತಹ ಬೆಳಕು ಮೂಡಬೇಕು. ಅನಂತರ ದೂರದಿಂದ ಬಂದಂತೆ ಧ್ವನಿ ಮೆಲ್ಲನೆ ಏರಬೇಕು. ಜಾತ್ರೆ, ಮದುವೆಗಳಿಗೆ ಬರುತ್ತಿದ್ದ ಮೈಕ್‌ಸೆಟ್ಟಿನವರ ಪೆಟ್ಟಿಗೆಯೂ ಹಾಗೆಯೇ. ಸ್ವಾಮಿಗಳು ವೇದಿಕೆಗೆ ಬರುವ ಮೊದಲೇ ಅದನ್ನು ಹಚ್ಚಿಟ್ಟು, ಚಳಿಗಾಲದಲ್ಲಿ ಅದರ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದ ಮೈಕ್‌ಸೆಟ್ಟಿನವರನ್ನು ನಾನು ಕಂಡಿದ್ದೇನೆ.

ಈ ವಾಲ್ವುಗಳೂ ಎಲ್ಲಿಂದಲೋ ಬಂದವಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತನ್ನ ಜಾಲಹಳ್ಳಿಯ ಕಾರ್ಖಾನೆಯಲ್ಲಿ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಟ್ರಾನ್ಸಿಸ್ಟರ್ ಬಂದು ವಾಲ್ವಿನ ಕಾಲ ಮುಗಿಯಿತು. ಆ ತಯಾರಿಕೆಯೂ ನಿಂತಿತು. ಆದರೆ ‘ಬಿಇಎಲ್’ ಎಂದು ಅಚ್ಚಾದ ಹಳೆಯ ವಾಲ್ವುಗಳನ್ನು ಇಂದು ಹೊರದೇಶದ ಗಿಟಾರ್ ವಾದಕರು ಹುಡುಕಿ ಕೊಳ್ಳುತ್ತಾರೆ. ಹೊಸ ವಾಲ್ವುಗಳು ಈಗ ಮುಖ್ಯವಾಗಿ ಸ್ಲೋವಾಕಿಯ, ರಷ್ಯಾ, ಚೀನಾ ದೇಶಗಳಿಂದ ಬರುತ್ತವೆ. ತಂದೆಗೆ ನಾನು ಕೊಟ್ಟ ಮೊದಲ ಉತ್ತರ ಇದೇ: ಸಿಗುತ್ತವೆ, ಹುಡುಗ ಕೇಳಿದ್ದು ಹುಚ್ಚುತನವಲ್ಲ.

ಹಾಗಾದರೆ ಜಗತ್ತೆಲ್ಲ ಬಿಟ್ಟ ವಸ್ತುವನ್ನು ಗಿಟಾರಿನವರು ಮಾತ್ರ ಏಕೆ ಬಿಡಲಿಲ್ಲ? ಭಾಷಣ ಕೇಳಿಸುವ ಆಂಪ್ಲಿಫೈಯರ್ ಒಳಗೆ ಬಂದದ್ದನ್ನು ಹಾಗೆಯೇ ದೊಡ್ಡದು ಮಾಡಿ ಹೊರಗೆ ಕಳಿಸಬೇಕು, ತನ್ನದೇನನ್ನೂ ಸೇರಿಸಬಾರದು. ಗಿಟಾರಿನ ಆಂಪ್ಲಿಫೈಯರ್ ಹಾಗಲ್ಲ. ಅದು ವಾದ್ಯದ ಅರ್ಧ ಭಾಗ. ವಾಲ್ವಿಗೆ ತಾಳಲಾರದಷ್ಟು ಸಂಕೇತ ಕೊಟ್ಟಾಗ ಅದು ಅಲೆಯ ನೆತ್ತಿಯನ್ನು ಥಟ್ಟನೆ ಕತ್ತರಿಸುವುದಿಲ್ಲ, ಮೆಲ್ಲನೆ ಬಾಗಿಸುತ್ತದೆ. ಆಗ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪಿಸುವ ಮೇಲ್ಸ್ವರಗಳು ಹುಟ್ಟಿ ಧ್ವನಿ ತುಂಬಿಕೊಳ್ಳುತ್ತದೆ. ಗದಗಿನವರಿಗೆ ಇದನ್ನು ತಿಳಿಸುವುದು ಸುಲಭ. ವೀರೇಶ್ವರ ಪುಣ್ಯಾಶ್ರಮದ ಊರಿನಲ್ಲಿ ತಂಬೂರಿಯ ಜವಾರಿ ಯಾರಿಗೆ ಗೊತ್ತಿಲ್ಲ? ತಂತಿಗೂ ಕುದುರೆಗೂ ನಡುವೆ ಒಂದೆಳೆ ಹತ್ತಿಯ ನೂಲು ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ಅಲ್ಲಿ ಧ್ವನಿಯ ಎತ್ತರ ಹೆಚ್ಚಲಿಲ್ಲ, ಮೇಲ್ಸ್ವರಗಳು ಹೆಚ್ಚಿದವು. ಮಿರಜಿಗೆ ತಂಬೂರಿ ಕೊಳ್ಳಲು ಹೋದವರು ಅದು ಎಷ್ಟು ದೂರ ಕೇಳುತ್ತದೆ ಎಂದು ಪರೀಕ್ಷಿಸುವುದಿಲ್ಲ. ಕಿವಿಯ ಬಳಿ ಮೆಲ್ಲಗೆ ಮೀಟಿ ನೋಡುತ್ತಾರೆ.

ಹುಡುಗ ಐವತ್ತು ವ್ಯಾಟು ಕೇಳಿದ್ದು ತಾನು ಮೆಚ್ಚಿದ ವಾದಕರ ಚಿತ್ರಗಳಲ್ಲಿ ಬೆನ್ನ ಹಿಂದೆ ದೊಡ್ಡ ಪೆಟ್ಟಿಗೆಗಳನ್ನು ಕಂಡು. ಆ ಪೆಟ್ಟಿಗೆಗಳು ದೊಡ್ಡವಾದುದಕ್ಕೆ ಕಾರಣವಿದೆ. 1960ರ ದಶಕದಲ್ಲಿ ಬೀಟಲ್ಸ್ ತಂಡ ಬಳಸಿದ ವಾಕ್ಸ್ ಎಸಿ 30 ಮೂವತ್ತು ವ್ಯಾಟಿನದು; ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರನ್ನು ಇಂಗ್ಲೆಂಡಿನಲ್ಲಿ 1962ರಲ್ಲಿ ರೂಪಿಸಿದರು. ಆಗ ಸಭಾಂಗಣದ ಮೈಕ್ ವ್ಯವಸ್ಥೆ ಗಾಯಕನ ಧ್ವನಿಗೇ ಸಾಲುತ್ತಿರಲಿಲ್ಲ. ಕಿರುಚುವ ಜನಜಂಗುಳಿಯನ್ನು ಗಿಟಾರಿನ ಪೆಟ್ಟಿಗೆ ತಾನೇ ದಾಟಬೇಕಿತ್ತು. ಗರುಡ ಸದಾಶಿವರಾಯರ ಕಾಲದ ನಟರು ಮೈಕಿಲ್ಲದೆ ಕೊನೆಯ ಸಾಲಿನವರಿಗೆ ಕೇಳುವಂತೆ ಹಾಡುತ್ತಿದ್ದರಲ್ಲ, ಹಾಗೆ. ಆ ಕಂಠವನ್ನು ಪಡಸಾಲೆಯಲ್ಲಿ ಕುಳಿತು ಮಾತಾಡಲು ಯಾರೂ ಬಳಸುತ್ತಿರಲಿಲ್ಲ.

ಇನ್ನು ಲೆಕ್ಕ. ನನ್ನ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮರೆತಿದ್ದರೆ ಬೇಸರವಿಲ್ಲ, ಆದರೆ ಈಗ ಓದಿರಿ. ಸಾಮಾನ್ಯ ಗಿಟಾರ್ ಸ್ಪೀಕರಿಗೆ ಒಂದು ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 95 ಡೆಸಿಬೆಲ್ ಸದ್ದು ಬರುತ್ತದೆ. ಐದು ವ್ಯಾಟು ಕೊಟ್ಟರೆ 102, ಐವತ್ತು ಕೊಟ್ಟರೆ 112. ಅಂದರೆ ಶಕ್ತಿ ಹತ್ತು ಪಟ್ಟಾದರೂ ಏರಿದ್ದು ಹತ್ತೇ ಡೆಸಿಬೆಲ್. ನಮ್ಮ ಕಿವಿಗೆ ಅದು ಸರಿಸುಮಾರು ಎರಡು ಪಟ್ಟು ಎನಿಸುತ್ತದೆ, ಅಷ್ಟೇ. ನಾವು ಎದುರುಬದುರು ಕುಳಿತು ಮಾತಾಡುವುದು 60 ಡೆಸಿಬೆಲ್ ಸುಮಾರಿಗೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಮನೆಯ ಮಟ್ಟಿಗೆ ಐದು ವ್ಯಾಟು ಕಡಿಮೆಯಲ್ಲ, ಹೆಚ್ಚೇ.

ಐವತ್ತು ವ್ಯಾಟಿನದನ್ನೇ ತಂದು ಸಣ್ಣಗೆ ಇಟ್ಟುಕೊಂಡರಾಯಿತಲ್ಲ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸಣ್ಣಗೆ ಇಟ್ಟರೆ ದೊಡ್ಡ ವಾಲ್ವುಗಳು ದಣಿಯುವುದೇ ಇಲ್ಲ. ದಣಿಯದಿದ್ದರೆ ನೀನು ಬಯಸುವ ಆ ತುಂಬಿದ ಧ್ವನಿ ಹುಟ್ಟುವುದಿಲ್ಲ. ಎರಡು ಎತ್ತುಗಳ ಗಾಡಿ ಹೂಡಿ ಒಂದು ಸೇರು ಜೋಳ ಹೇರಿದಂತೆ. ಐದು ವ್ಯಾಟಿನ ಪೆಟ್ಟಿಗೆಯಾದರೆ ಕೋಣೆಯಲ್ಲಿಯೇ ದಣಿಯುತ್ತದೆ. ಎರಿಕ್ ಕ್ಲಾಪ್ಟನ್ 1970ರಲ್ಲಿ ‘ಲೈಲಾ’ ಧ್ವನಿಮುದ್ರಣಕ್ಕೆ ಬಳಸಿದ್ದು ಫೆಂಡರ್ ಚಾಂಪ್ ಎಂಬ ಐದು ವ್ಯಾಟಿನ ಪುಟ್ಟ ಪೆಟ್ಟಿಗೆಯನ್ನು ಎಂದಾಗ ಅವನ ಮುಖಭಾವ ಬದಲಾಯಿತು. ನನ್ನ ಭೌತಶಾಸ್ತ್ರಕ್ಕಿಂತ ಆ ಹೆಸರೇ ಹೆಚ್ಚು ಕೆಲಸ ಮಾಡಿತು ಎಂದು ಒಪ್ಪಿಕೊಳ್ಳಬೇಕು.

ನಾವು ಮೂವರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯವರು ರೂಢಿಯಂತೆ ದೊಡ್ಡ ಪೆಟ್ಟಿಗೆಯನ್ನು ಮೊರೆಯಿಸಿ ತೋರಿಸಿದರು, ಎದೆ ನಡುಗಿತು. ನಾನು ಒಂದೇ ಷರತ್ತು ಹಾಕಿದೆ: ನಾನೂ ನಿನ್ನ ತಂದೆಯೂ ಪಕ್ಕದಲ್ಲಿ ಧ್ವನಿ ಏರಿಸದೆ ಮಾತಾಡುವಂತಿರಬೇಕು, ಅಷ್ಟು ಸಣ್ಣಗೆ ಇಟ್ಟು ಪ್ರತಿಯೊಂದನ್ನೂ ನುಡಿಸಿ ನೋಡು. ಆ ಮಟ್ಟದಲ್ಲಿ ಐವತ್ತು ವ್ಯಾಟಿನದು ನೆಗಡಿಯಾದವನ ಹಾಗೆ ನುಡಿಯಿತು. ಹದಿನೈದರದು ಪರವಾಗಿಲ್ಲ ಎನಿಸಿತು. ಒಂದೇ ಇಎಲ್ 84 ವಾಲ್ವಿನ ಐದು ವ್ಯಾಟಿನದು ಬಂದಾಗ ಹುಡುಗ ನಮ್ಮ ಕಡೆ ನೋಡುವುದನ್ನೇ ಬಿಟ್ಟ. ಅದರಲ್ಲಿ ಶಕ್ತಿಯನ್ನು ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ಚೂ ಇತ್ತು. ಮೊದಲ ಹಂತದ ವಾಲ್ವನ್ನು ದಣಿಸಿಯೂ ಹೊರಗಿನ ಸದ್ದನ್ನು ಬೇರೆಯಾಗಿ ತಗ್ಗಿಸುವ ಮಾಸ್ಟರ್ ಗುಂಡಿಯೂ ಇತ್ತು. ಮನೆಗೆ ಕೊಳ್ಳುವವರು ಈ ಎರಡನ್ನು ಕೇಳಿ ಪಡೆಯಬೇಕು. ಇಎಲ್ 84ರ ಒಳಗಿನ ಹೀಟರ್ 6.3 ವೋಲ್ಟಿನಲ್ಲಿ 0.76 ಆಂಪಿಯರ್ ಎಳೆಯುತ್ತದೆ. ಗುಣಿಸಿ ನೋಡಿದರೆ ಹತ್ತಿರ ಹತ್ತಿರ ಐದು ವ್ಯಾಟು. ಹಾಡಲು ಎಷ್ಟು ಬೇಕೋ ಅಷ್ಟನ್ನು ಅದು ಮೈ ಕಾಯಿಸಿಕೊಳ್ಳಲೇ ಖರ್ಚು ಮಾಡುತ್ತದೆ. ಮುಂಡರಗಿಯ ಬೇಸಿಗೆಯಲ್ಲಿ ಇದನ್ನು ಕೊಳ್ಳೆಂದು ನಾನು ಯಾರಿಗೂ ಹೇಳಲಾರೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಾಲ್ವಿನ ಧ್ವನಿಯನ್ನು ಗಣಕದ ಲೆಕ್ಕದಿಂದ ಅನುಕರಿಸುವ ಪುಟ್ಟ ಯಂತ್ರಗಳು ಈಗ ಬಂದಿವೆ. ಅಗ್ಗ, ಹಗುರ, ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯೂ ನುಡಿಸಬಹುದು. ಕಣ್ಣು ಮುಚ್ಚಿ ಕೇಳಿದರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವನಿಗೆ ತಿಳಿಯಿತು, ಅಥವಾ ತಿಳಿಯಿತೆಂದು ನಂಬಿದ. ದಿನಾಲೂ ಅದರ ಮುಂದೆ ಕೂಡುವವನು ಅವನಾದ್ದರಿಂದ ಆ ನಂಬಿಕೆಗೂ ಬೆಲೆಯಿದೆ ಎಂದು ನಾನು ತಂದೆಗೆ ಹೇಳಿದೆ.

ಆದರೆ ನನ್ನ ಹಟವೂ ಒಂದಿತ್ತು, ಅದು ಜೀವದ ಪ್ರಶ್ನೆ. ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿಗಳು ಆಂಪ್ಲಿಫೈಯರಿನ ಲೋಹದ ಮೈಗೆ ತಂತಿಯ ಮೂಲಕ ಜೋಡಿಸಲ್ಪಟ್ಟಿರುತ್ತವೆ. ಪೆಟ್ಟಿಗೆಯ ಒಳಗೆ 250ರಿಂದ 400 ವೋಲ್ಟುಗಳವರೆಗೆ ವಿದ್ಯುತ್ತಿರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಏನಾದರೂ ಸೋರಿಕೆಯಾದರೆ ಅದು ನೇರವಾಗಿ ನುಡಿಸುವವನ ಬೆರಳಿಗೆ ಬರುತ್ತದೆ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಮೂರು ರಂಧ್ರಗಳ ಸಾಕೆಟ್ ಇರುತ್ತದೆ, ಮೂರನೆಯ ರಂಧ್ರದ ಹಿಂದೆ ಏನೂ ಇರುವುದಿಲ್ಲ. ಇವರ ಮನೆಯಲ್ಲೂ ಹಾಗೆಯೇ ಇತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಅರ್ಥ್ ಎಳೆಸುವವರೆಗೆ ಪೆಟ್ಟಿಗೆಯನ್ನು ಹಚ್ಚಕೂಡದು ಎಂದೆ. ಹದಿನೈದು ದಿನ ಅದು ರಟ್ಟಿನ ಡಬ್ಬಿಯಲ್ಲಿಯೇ ಕುಳಿತಿತ್ತು.

ಅಮೆರಿಕದಲ್ಲಿರುವ ಹುಡುಗನ ಸೋದರಮಾವ ತಾನೂ ಒಂದನ್ನು ತರುತ್ತೇನೆ ಎಂದಿದ್ದಾರಂತೆ. ಬಂಧುಗಳಲ್ಲಿ ಹೊರದೇಶದಲ್ಲಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿರಿ: ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಪೆಟ್ಟಿಗೆಯ ಹಿಂದೆ ವೋಲ್ಟೇಜ್ ಬದಲಿಸುವ ಸೌಕರ್ಯವಿಲ್ಲದಿದ್ದರೆ ನೇರವಾಗಿ ಚುಚ್ಚಿದ ಕ್ಷಣವೇ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹಾಗೆಯೇ ಸ್ಪೀಕರ್ ಜೋಡಿಸದೆ ವಾಲ್ವಿನ ಆಂಪ್ಲಿಫೈಯರನ್ನು ಎಂದೂ ನುಡಿಸಬಾರದು. ಹೊರಗೆ ದಾರಿ ಕಾಣದ ಶಕ್ತಿ ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಕೆಡಿಸುತ್ತದೆ.

ಅಟ್ಟದ ಮೇಲೆ ಇನ್ನೊಂದು ಅಪಾಯ ಕುಳಿತಿತ್ತು. ಹುಡುಗನ ಅಜ್ಜ ಲಕ್ಷ್ಮೇಶ್ವರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಅವರ ವಾಲ್ವಿನ ಆಂಪ್ಲಿಫೈಯರ್ ಮಣ್ಣು ಮೆತ್ತಿಕೊಂಡು ಅಲ್ಲಿಯೇ ಇತ್ತು. ಅದನ್ನು ಬಿಚ್ಚಿ ಗಿಟಾರಿಗೆ ಹೊಂದಿಸುತ್ತೇನೆಂದು ಹುಡುಗ ಸ್ಕ್ರೂಡ್ರೈವರ್ ಹಿಡಿದಿದ್ದ. ಹತ್ತಾರು ವರ್ಷ ಸುಮ್ಮನಿದ್ದ ಕೆಪಾಸಿಟರುಗಳು ಒಣಗಿರುತ್ತವೆ, ಹಚ್ಚಿದೊಡನೆ ಸಿಡಿಯಬಹುದು. ಹಚ್ಚಿ ಆರಿಸಿದ ಮೇಲೂ ಅವು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಮುಂಡರಗಿಯಲ್ಲಿ ನನಗೆ ಪರಿಚಯವಿದ್ದ ರೇಡಿಯೊ ರಿಪೇರಿಯವರು ತೆರೆದ ಸೆಟ್ಟಿನೊಳಗೆ ಕೈ ಹಾಕುವಾಗ ಎಡಗೈಯನ್ನು ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಇದನ್ನು ಹೇಳಿದ ಮೇಲೆ ಹುಡುಗ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೇರಿಸಿದ.

ಅದೇ ರಿಪೇರಿಯವರು ಅಂಗಡಿ ಮುಚ್ಚುವಾಗ ತರಗತಿಯಲ್ಲಿ ತೋರಿಸಲೆಂದು ನನಗೊಂದು ಡಬ್ಬಿ ಹಳೆಯ ವಾಲ್ವುಗಳನ್ನು ಕೊಟ್ಟಿದ್ದರು. ಹುಡುಕಿದೆ. ಒಂದರ ಮೇಲೆ ಬಿಇಎಲ್, ಇಎಲ್ 84 ಎಂಬ ಅಕ್ಷರಗಳು ಮಾಸಿಯೂ ಕಾಣುತ್ತಿದ್ದವು. ಗಾಜಿನ ನೆತ್ತಿಯ ಒಳಗಿನ ಬೆಳ್ಳಿಯಂತಹ ಲೇಪ ಹೊಳೆಯುತ್ತಿತ್ತು; ಗಾಳಿ ಒಳಹೊಕ್ಕಿದ್ದರೆ ಅದು ಹಾಲಿನಂತೆ ಬಿಳಿಚಿಕೊಂಡಿರುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. ಈಗಿರುವ ವಾಲ್ವ್ ಸೋತ ದಿನ ಇದನ್ನು ಹಾಕಿ ನೋಡುತ್ತೇನೆ ಎಂದಿದ್ದಾನೆ. ಬಲ್ಲವರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಹಾಕಬೇಕು ಎಂದು ಹೇಳಿದ್ದೇನೆ. ಸದ್ಯಕ್ಕೆ ಸಂಜೆ ಆರರಿಂದ ಎಂಟರವರೆಗೆ ಅರ್ಧ ವ್ಯಾಟಿನಲ್ಲಿ ನುಡಿಸುತ್ತಾನೆ. ಅಜ್ಜಿಯ ಕೋಣೆಯ ಬಾಗಿಲನ್ನು ಮೊದಮೊದಲು ಮುಚ್ಚುತ್ತಿದ್ದರಂತೆ. ಈಗ ಅವರೇ ಕೈಸನ್ನೆ ಮಾಡಿ ತೆರೆಸುತ್ತಾರೆ ಎಂದು ತಂದೆ ಮೊನ್ನೆ ತಿಳಿಸಿದ.