ಬಿಂದಿಗೆಯ ಬಾಯಿ

ಹೈಸ್ಕೂಲಿನಲ್ಲಿ ನಾನು ಬರೆದ ಮೊದಲ ವಸ್ತುಚಿತ್ರಕ್ಕೆ 100ಕ್ಕೆ 17 ಅಂಕ ಬಂದವು. ವಸ್ತು, ಒಂದು ಹಿತ್ತಾಳೆ ಬಿಂದಿಗೆ. ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ತಯಾರಿ ಅಂತ ಮೇಷ್ಟ್ರು ಅದನ್ನು ಸ್ಟೂಲಿನ ಮೇಲೆ ಇಟ್ಟು ನಮ್ಮನ್ನೆಲ್ಲ ಅದರ ಮುಂದೆ ಕೂರಿಸಿದ್ದರು. ಬಿಂದಿಗೆ ಬೇರೆ ಯಾರದೂ ಅಲ್ಲ, ನಮ್ಮ ಮನೆಯದೇ. ಅವ್ವನನ್ನು ಕಾಡಿ ಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕೆರೆಬಿಳಚಿಯ ಬೀದಿಯಲ್ಲಿ ಮೆರವಣಿಗೆಯ ಹಾಗೆ ನಾನೇ ಹೊತ್ತು ತಂದಿದ್ದೆ. ಸ್ವಂತ ಬಿಂದಿಗೆಯ ಕೈಲೇ ಫೇಲಾದ ಹುಡುಗ ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನನ್ನ ತಪ್ಪೇನೆಂದರೆ, ಬಿಂದಿಗೆಯ ಬಾಯನ್ನು ಕೈವಾರ ಇಟ್ಟು ಗುಂಡಗೆ ಬರೆದಿದ್ದೆ. ಬಿಂದಿಗೆಯ ಬಾಯಿ ಗುಂಡಗಿರುತ್ತದೆ ಅನ್ನೋದು ಊರಿಗೇ ಗೊತ್ತು. ತಳವನ್ನು ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆದಿದ್ದೆ. ಸ್ಟೂಲಿನ ಮೇಲೆ ಅಲುಗಾಡದೆ ಕೂತ ಬಿಂದಿಗೆಯ ತಳ ನೆಟ್ಟಗಿರದೆ ಇನ್ನು ಹೇಗಿರಬೇಕು? ಮೇಷ್ಟ್ರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬಾಯಿ ನೋಡಿದ್ರೆ ಮಾಳಿಗೆ ಹತ್ತಿ ಬರ್ದಂಗೈತಿ. ತಳ ನೋಡಿದ್ರೆ ನೆಲದಾಗೆ ಮಲಗಿ ಬರ್ದಂಗೈತಿ. ಎಷ್ಟು ಮಂದಿ ಸೇರಿ ಬರ್ದಿರಲೇ ಇದನ್ನ?” ಕ್ಲಾಸಿಗೆ ಕ್ಲಾಸೇ ನಕ್ಕಿತು. ನಗು ನಿಂತ ಮೇಲೆ ಮೆತ್ತಗೆ ಅಂದರು: “ಗೊತ್ತಿರೋದನ್ನ ಬರೀಬ್ಯಾಡ. ಕಂಡಿದ್ದನ್ನ ಬರಿ.”

ಆಮೇಲೆ ಎಷ್ಟೋ ವರ್ಷಕ್ಕೆ ಓದಿ ತಿಳಿದುಕೊಂಡೆ. 1907ರಿಂದ ಈಚೆಗೆ ಪ್ಯಾರಿಸ್ಸಿನಲ್ಲಿ ಪಿಕಾಸೊ, ಬ್ರಾಕ್ ಎಂಬಿಬ್ಬರು ಒಂದೇ ವಸ್ತುವನ್ನು ನಾಲ್ಕು ದಿಕ್ಕಿನಿಂದ ನೋಡಿ ಒಂದೇ ಚಿತ್ರದಲ್ಲಿ ಕೂಡಿಸಿ ಬರೆದರು, ಜಗತ್ತು ಅದನ್ನು ಕ್ಯೂಬಿಸಂ ಅಂತ ತಲೆ ಮೇಲೆ ಹೊತ್ತುಕೊಂಡಿತು. ಅವರ ಕೀರ್ತಿಯಲ್ಲಿ ನಾನು ಪಾಲು ಕೇಳಿದವನಲ್ಲ. ಅವರು ಗೊತ್ತಿದ್ದು ಮಾಡಿದರು, ನಾನು ಗೊತ್ತಿಲ್ಲದೆ ಮಾಡಿದೆ. ಕಳೆದ 83 ಅಂಕ ಅದರದ್ದು.

ಮೇಷ್ಟ್ರು ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ಚಿತ್ರಕಲಾ ಶಾಲೆಯಲ್ಲಿ ಕಲಿತು ಬಂದವರು. ಆವತ್ತೇ ಕಪ್ಪು ಹಲಗೆಯ ಮೇಲೆ ಒಂದು ವೃತ್ತ ಬರೆದರು. ಕೈವಾರ ಇಲ್ಲದೆ, ಒಂದೇ ಏಟಿಗೆ. ಅದನ್ನು ನೋಡುವುದಕ್ಕೇ ನಾವು ಅವರ ಪೀರಿಯಡ್ಡಿಗೆ ಕಾಯುತ್ತಿದ್ದದ್ದು. “ಇದು ಆಕಾರ. ಇದಕ್ಕೆ ಉದ್ದ ಐತಿ, ಅಗಲ ಐತಿ, ಹೊಟ್ಟೆ ಇಲ್ಲ.” ಸೀಮೆಸುಣ್ಣವನ್ನು ಅಡ್ಡ ಹಿಡಿದು ವೃತ್ತದ ಎಡ ಮಗ್ಗುಲಿಗೆ ಮೆತ್ತಗೆ ಉಜ್ಜಿದರು. ಬೆರಳಿನಿಂದ ಅಂಚು ಸವರಿದರು. ನೋಡನೋಡುತ್ತಿದ್ದಂತೆ ಹಲಗೆಯಿಂದ ಒಂದು ಚೆಂಡು ಎದ್ದು ಬಂತು. “ಈಗ ಹೊಟ್ಟೆ ಬಂತು ನೋಡ್ರಿ. ಇದು ರೂಪ.”

ನಾನೂ ಮನೆಗೆ ಹೋಗಿ ಹಾಗೇ ಮಾಡಿದೆ. ಮೇಷ್ಟ್ರು ಎಲ್ಲಿ ಸೀಮೆಸುಣ್ಣ ಉಜ್ಜಿದ್ದರೋ ಅಲ್ಲೇ ಪೆನ್ಸಿಲ್ ಉಜ್ಜಿದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಬರೆಯುವುದು ಬೆಳಕನ್ನು, ಬಿಳಿ ಹಾಳೆಯ ಮೇಲೆ ಪೆನ್ಸಿಲ್ ಬರೆಯುವುದು ನೆರಳನ್ನು ಎಂಬ ಸಣ್ಣ ವಿಷಯ ತಲೆಗೆ ಹೊಳೆದಿರಲಿಲ್ಲ. ಕಿಟಕಿ ಇದ್ದ ಕಡೆಗೇ ಮಸಿ ಮೆತ್ತಿಕೊಂಡ ನನ್ನ ಬಿಂದಿಗೆ ಒಲೆಯಿಂದ ಈಗಷ್ಟೇ ಇಳಿಸಿದ ಹಾಗಿತ್ತು.

ಅಪ್ಪನಿಗೆ ಈ ಆಕಾರ, ರೂಪದ ಕಥೆ ಹೇಳಿದೆ. ಅವರು ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. “ಆಕಾರ ಚನ್ನಗಿರಿ ತಾಲ್ಲೂಕಾಫೀಸಿನಾಗೆ ಸಿಗ್ತೈತಿ, ಆಕಾರಬಂದ್ ಅಂತ. ರೂಪ ಇನ್ನು ಅಡಿಕೆ ಮಂಡಿಯಾಗೆ ಸಿಗ್ತೈತಿ, ರೂಪಾಯಿ ಅಂತ. ನಿಮ್ಮ ಮೇಷ್ಟ್ರು ಕೊಡೋದೇನು?” ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ ಬರೆದಿಟ್ಟ ಆ ದಾಖಲೆಗೆ ಕಲೆಯ ಹೆಸರು ಇಟ್ಟವರು ಯಾರೋ, ನನ್ನ ವಾದವಂತೂ ಅಲ್ಲಿಗೆ ಬಿದ್ದುಹೋಯಿತು. ಆದರೆ ಅದೇ ಅಪ್ಪ ಮಂಡಿಯಲ್ಲಿ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹೊರಳಿಸಿ, ಇದು ಬೆಟ್ಟೆ, ಇದು ಗೊರಬಲು ಅನ್ನುವುದನ್ನು ನಾನು ನೋಡಿದ್ದೆ. ಕಣ್ಣು ಆಗ ಎಲ್ಲೋ ಇರುತ್ತಿತ್ತು. ರೂಪವನ್ನು ಕೈಯಿಂದ ನೋಡುವವರಿಗೆ ಸೀಮೆಸುಣ್ಣದಲ್ಲಿ ತೋರಿಸಲು ಹೋಗಿದ್ದು ನನ್ನ ಹುಡುಗುತನ.

ಫ್ರಾನ್ಸಿನ ಸೆಜಾನ್ ಎಂಬ ಚಿತ್ರಕಾರ 1904ರಲ್ಲಿ ತನಗಿಂತ ಕಿರಿಯ ಚಿತ್ರಕಾರನೊಬ್ಬನಿಗೆ ಪತ್ರ ಬರೆದು, ಪ್ರಕೃತಿಯನ್ನು ಕೊಳವೆ, ಗೋಳ, ಶಂಕುಗಳಾಗಿ ನೋಡು ಅಂದಿದ್ದನಂತೆ. ಇದನ್ನು ಮೇಷ್ಟ್ರ ಬಾಯಲ್ಲಿ ಕೇಳಿದ ವಾರ ನನಗೆ ಊರೇ ಬೇರೆ ಥರ ಕಂಡಿತು. ಅಡಿಕೆ ಮರ ಕೊಳವೆ. ತೆಂಗಿನಕಾಯಿ ಗೋಳ. ಕಣದ ತುದಿಯ ಹುಲ್ಲಿನ ಬಣವೆ ಶಂಕು. ಅಡಿಕೆ ಸುಲಿಯಲು ಬರುತ್ತಿದ್ದ ತಾಂಡಾದ ಹೆಂಗಸರ ಲಂಗದ ಮೇಲೆ ಕನ್ನಡಿ ಚೂರು, ಕವಡೆ, ಸಾಲು ಸಾಲು ತ್ರಿಕೋನ, ಚೌಕ. ಹಗ್ಗದ ಮೇಲೆ ಒಣಗುವಾಗ ಅವೆಲ್ಲ ಬರೀ ಆಕಾರ. ಫೆಬ್ರವರಿಯಲ್ಲಿ ನ್ಯಾಮತಿ ಕಡೆಯ ಸೂರಗೊಂಡನಕೊಪ್ಪಕ್ಕೆ, ಸೇವಾಲಾಲರ ಜಾತ್ರೆಗೆ, ಉಟ್ಟುಕೊಂಡು ಹೊರಟರೆ ಚೌಕ ಬಳುಕಿ, ತ್ರಿಕೋನ ಮಡಿಕೆಯೊಳಗೆ ಅಡಗಿ, ಮತ್ತೆ ಹೆಜ್ಜೆ ಎತ್ತಿದಾಗ ಹೊರಬಿದ್ದು, ಅಷ್ಟೂ ಮೈ ತುಂಬಿಕೊಳ್ಳುತ್ತಿದ್ದವು.

ಒಂದು ಭಾನುವಾರ ಮೇಷ್ಟ್ರು ನಮ್ಮನ್ನು ಸಂತೆಬೆನ್ನೂರಿಗೆ ಕರೆದುಕೊಂಡು ಹೋದರು. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ಎಲ್ಲರೂ ಮಂಟಪಕ್ಕೆ ಮುಗಿಬಿದ್ದೆವು, ಶಿಖರ ಇದೆ, ಕಮಾನು ಇದೆ, ಬರೆಯಲು ಬೇಕಾದಷ್ಟಿದೆ. ಮೇಷ್ಟ್ರು ಒಬ್ಬೊಬ್ಬರ ಹಾಳೆ ನೋಡುತ್ತಾ ಬಂದು, “ಮಂಟಪ ಬಿಡ್ರಲೇ, ಗುಂಡಿ ಬರೀರಿ” ಅಂದರು. ಗುಂಡಿಯನ್ನು ಹೇಗೆ ಬರೆಯುವುದು? ಅಲ್ಲಿ ಇರುವುದೇ ಏನೂ ಇಲ್ಲವಲ್ಲ. ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ, ತಿನ್ನುತ್ತಾ ನೋಡಿದೆ. ಮೆಟ್ಟಿಲು ಕೆಳಗಿಳಿದಷ್ಟೂ ಕೊಳ ಕಿರಿದಾಗುತ್ತಾ ಹೋಗುತ್ತಿತ್ತು. ಗೋಪುರವನ್ನು ತಲೆಕೆಳಗಾಗಿ ನೆಲಕ್ಕೆ ಒತ್ತಿ, ಮೇಲೆತ್ತಿಕೊಂಡು ಹೋದ ಮೇಲೆ ಉಳಿದ ಅಚ್ಚಿನ ಹಾಗೆ. ಕಲ್ಲು ಪೇರಿಸಿದರೂ ರೂಪ, ಮಣ್ಣು ತೆಗೆದರೂ ರೂಪ. ಚಿತ್ರ ಬರಲಿಲ್ಲ, ಚಿತ್ರಾನ್ನ ಖಾಲಿಯಾಯಿತು.

ಕೆರೆಯ ಹೆಸರು ಹೊತ್ತ ಊರಿನವನು ನಾನು. ಬರಿದಾದ ಜಾಗದ ರೂಪ ಕಲಿಯಲು ಸಂತೆಬೆನ್ನೂರಿಗೆ ಹೋಗಬೇಕಾಗಿರಲಿಲ್ಲ. ನಮ್ಮ ಸೂಳೆಕೆರೆ 6,550 ಎಕರೆ ಎಂದು ಪುಸ್ತಕಗಳು ಹೇಳುತ್ತವೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮವರು ಹೇಳುತ್ತಾರೆ, ಮೊದಲನೆಯದು ಯಾವುದೆಂದು ಕೇಳಿದರೆ ಮಾತು ಬದಲಿಸುತ್ತಾರೆ. ಶಾಂತವ್ವ ಎಂಬಾಕೆ ಈ ಕೆರೆ ಕಟ್ಟಿಸಲು ಹೊರಟಾಗ ಅಲ್ಲಿದ್ದ ಸೂಳೆಯರು ಜಾಗ ಬಿಟ್ಟುಕೊಟ್ಟು, ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿಕೊಂಡರಂತೆ. ಸರ್ಕಾರದ ಬೋರ್ಡು ಶಾಂತಿಸಾಗರ ಅನ್ನುತ್ತದೆ. ಊರ ಬಾಯಿ ಇನ್ನೂ ಕೊಟ್ಟ ಮಾತು ಉಳಿಸಿಕೊಂಡಿದೆ. ಜಿಲ್ಲೆಯ ನಕ್ಷೆಯಲ್ಲಿ ಅದೊಂದು ನೀಲಿ ಆಕಾರ, ವರ್ಷವಿಡೀ ಒಂದೇ. ದಡದಲ್ಲಿ ನಿಂತವರಿಗೆ ಹಾಗಲ್ಲ. ಸಿದ್ಧನಾಲೆ, ಬಸವನಾಲೆಗೆ ನೀರು ಬಿಟ್ಟ ಮೇಲೆ ಅಂಚು ದಿನಕ್ಕಿಷ್ಟು ಸರಿಯುತ್ತದೆ, ದೀಪಾವಳಿಯ ಆಕಾರ ಯುಗಾದಿಗೆ ಇರುವುದಿಲ್ಲ. ಒಂದು ಬರಗಾಲದ ಬೇಸಿಗೆಯಲ್ಲಿ ಬಿರುಕು ಬಿಟ್ಟ ಅಂಗಳದಲ್ಲಿ ನಾನೂ ಅವ್ವನೂ ನಡೆದುಹೋದೆವು. ಏರು, ತಗ್ಗು, ಒಂದು ಕಡೆ ಅಂಗೈಯಷ್ಟು ಕೆಸರು. ಇಷ್ಟು ವರ್ಷ ಥಳಥಳ ಹೊಳೆಯುವ ಮೇಲ್ಮೈಯನ್ನೇ ಕೆರೆ ಅಂದುಕೊಂಡಿದ್ದೆ. “ಬಿಂದಿಗಿ ಒಳಗ ಇಣುಕಿ ನೋಡಿದಂಗಾತು” ಅಂದಳು ಅವ್ವ.

17 ಅಂಕದ ಚಿತ್ರವನ್ನು ಆಕೆಗೂ ತೋರಿಸಿದ್ದೆ. ಬಾಯಿ, ತಳ ಯಾವುದನ್ನೂ ಆಕೆ ನೋಡಲಿಲ್ಲ. ಕುತ್ತಿಗೆಯ ಮೇಲೆ ಬೆರಳಿಟ್ಟು, “ಇಷ್ಟು ಗಿಡ್ಡ ಆದ್ರೆ ಕೈ ಎಲ್ಲಿ ಹಾಕ್ಲಿ? ಹೊಟ್ಟಿ ಇಲ್ಲಿ ಸ್ವಲ್ಪ ಒಳಗ ಹೋಗಬೇಕು, ಇಲ್ಲಂದ್ರ ಸೊಂಟದಾಗ ಕೂರಂಗಿಲ್ಲ” ಅಂದಳು. ಬಿಂದಿಗೆಯ ಎಡ ಮಗ್ಗುಲಲ್ಲಿ ನಲ್ಲಿಗೆ ತಾಗಿ ಆದ ನೆಗ್ಗು ಒಂದಿತ್ತು. ಪರೀಕ್ಷೆಗೆ ಚೆಂದ ಕಾಣಲೆಂದು ನಾನು ಅದನ್ನು ಬಿಟ್ಟು ಬರೆದಿದ್ದೆ. “ಇದು ನಮ್ದಲ್ಲ ಬಿಡು” ಅಂದು ಹಾಳೆ ವಾಪಸು ಕೊಟ್ಟಳು. ಮೇಷ್ಟ್ರಿಗಿಂತ ಕಠಿಣ ಪರೀಕ್ಷಕಿ.

ಅವ್ವ ಹೋದ ಮೇಲೆ ಬಿಂದಿಗೆ ಅಟ್ಟ ಸೇರಿತು. ಮನೆಯಲ್ಲೀಗ ಪ್ಲಾಸ್ಟಿಕ್ ಕೊಡಗಳಿವೆ, ಹಗುರ, ಕೆಂಪು, ಹಸಿರು. ಬಿದ್ದರೆ ನೆಗ್ಗುವುದಿಲ್ಲ, ಒಡೆದೇ ಹೋಗುತ್ತವೆ. ಹೋದ ಸಲ ಊರಿಗೆ ಹೋದಾಗ, ಹಳೇ ಪಾತ್ರೆ ಹಾಕಿ ಸ್ಟೀಲಿನದು ತಗೊಳ್ಳೋಣ ಎಂಬ ಮಾತು ಬಂತು. ನಾನು ಅಟ್ಟ ಹತ್ತಿ ಬಿಂದಿಗೆ ಇಳಿಸಿದೆ, ಜಗುಲಿಯ ಮೇಲಿಟ್ಟು ಎದುರಿಗೆ ಕೂತು ಬರೆದೆ. ಬಾಯಿ ಚಪ್ಪಟೆಯಾದ ಮೊಟ್ಟೆಯ ಹಾಗೆ ಸರಿಯಾಗಿ ಬಂತು. ತಳ ಅದಕ್ಕಿಂತ ತುಸು ಬಾಗಿ ಬಂತು. ನೆರಳು ನೆರಳಿನ ಕಡೆಗೇ ಬಿತ್ತು. ನೆಗ್ಗನ್ನೂ ಬಿಡಲಿಲ್ಲ.

ಆಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ಬಿಂದಿಗೆಗೆ ನೀರು ತುಂಬಿ ಸೊಂಟದ ಮೇಲೆ ಇಟ್ಟುಕೊಂಡೆ. ಜಾರಿತು. ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡೆ, ಅಲ್ಲೂ ಜಾರಿತು, ಪಂಚೆಯೆಲ್ಲ ಒದ್ದೆ. ಮೂರನೆಯ ಸಲ ಕುತ್ತಿಗೆಗೆ ತೋಳು ಬಳಸಿ ಹಿಡಿದು ಓರೆಯಾಗಿ ನಿಂತಾಗ ಪಕ್ಕದ ಮನೆಯ ಹುಡುಗ ಗೋಡೆಯ ಮೇಲಿಂದ ನೋಡುತ್ತಿದ್ದ. “ಏನ್ ಮಾಡಾಕತ್ತೀರಿ ದೊಡ್ಡಪ್ಪ?” ಅಂದ.

“ಡ್ರಾಯಿಂಗು” ಅಂದೆ.