ಸರಪಳಿ ಎಳೆದ ಮೇಲೆ

ಸಭ್ಯಸಮಾಜದಲ್ಲಿ ಪ್ರಸ್ತಾಪಕ್ಕೆ ಬಾರದ ವಿಷಯಗಳಲ್ಲಿ ಶೌಚಗೃಹವೇ ಅಗ್ರಗಣ್ಯವೆಂದರೆ ತಪ್ಪಾಗದು. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ಯಜಮಾನನು ದೇವರಮನೆಯ ಬಾಗಿಲ ಕೆತ್ತನೆಯನ್ನು ವರ್ಣಿಸುತ್ತಾನೆ. ಗೃಹಿಣಿ ಅಡಿಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತಾಳೆ. ಇನ್ನೊಂದು ಬಾಗಿಲನ್ನು ಮಾತ್ರ ಬೆರಳಿನಿಂದ ಸೂಚಿಸಿ ಇಬ್ಬರೂ ಮುಂದೆ ಸಾಗುತ್ತಾರೆ. ಸಂಸಾರದ ನೆಮ್ಮದಿಯಲ್ಲಿ ಆ ಬಾಗಿಲಿನ ಪಾಲೆಷ್ಟು ಎಂಬುದು, ಮನೆ ತುಂಬ ಜನರಿರುವ ಹಬ್ಬದ ಬೆಳಗ್ಗೆ ಫ್ಲಷ್ ಕೈಕೊಟ್ಟಾಗಲೇ ಅರಿವಿಗೆ ಬರುವುದು.

ಆ ಗಳಿಗೆಯಲ್ಲಿ ಗೃಹಸ್ಥನ ನಡತೆ ಎಲ್ಲ ಊರುಗಳಲ್ಲಿಯೂ ಒಂದೇ. ಮೊದಲು ಗುಂಡಿಯನ್ನು ಮೆಲ್ಲಗೆ ಒತ್ತುತ್ತಾನೆ. ಅನಂತರ ಬಲವಾಗಿ ಒತ್ತುತ್ತಾನೆ. ಮೂರನೆಯ ಸಲ ಜೀವಮಾನದ ಕೋಪವನ್ನೆಲ್ಲ ಬೆರಳಿನ ತುದಿಗೆ ತಂದುಕೊಂಡು ಒತ್ತುತ್ತಾನೆ. ಯಂತ್ರ ಮಣಿಯದಿರಲು, ಮನೆ ಕಟ್ಟಿದ ಮೇಸ್ತ್ರಿಯನ್ನೂ ನೀರು ಬಿಡುವವರನ್ನೂ ಕೊನೆಗೆ ಮಕ್ಕಳನ್ನೂ ದೂರುತ್ತಾನೆ. ತೊಟ್ಟಿಯ ಮುಚ್ಚಳವನ್ನೆತ್ತಿ ಒಳಗೊಮ್ಮೆ ಇಣುಕುವ ಯೋಚನೆ ಮಾತ್ರ ಅವನಿಗೆ ಹೊಳೆಯುವುದಿಲ್ಲ.

ಇಣುಕಬಾರದಂಥ ರಹಸ್ಯವೇನೂ ಅಲ್ಲಿಲ್ಲ. ನೀರಿನಿಂದ ತೊಳೆದುಹೋಗುವ ಶೌಚದ ವರ್ಣನೆಯನ್ನು ಇಂಗ್ಲೆಂಡಿನ ಸರ್ ಜಾನ್ ಹ್ಯಾರಿಂಗ್ಟನ್ 1596ರಷ್ಟು ಹಿಂದೆಯೇ ಪುಸ್ತಕವಾಗಿ ಪ್ರಕಟಿಸಿದ್ದನು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು, ಕೊಳವೆಯನ್ನು ಬಾಗಿಸಿ ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡುವ ಉಪಾಯಕ್ಕೆ ಪೇಟೆಂಟ್ ಪಡೆದನು. ನಿಂತ ಆ ನೀರೇ ಮೋರಿಯ ದುರ್ಗಂಧಕ್ಕೂ ಮನೆಗೂ ನಡುವಣ ಕದ. ಇಂದಿಗೂ ಪ್ರತಿ ಮನೆಯ ಬೇಸಿನ್ನಿನ ಕೆಳಗೆ ಅದೇ ಬಾಗು ಕಾವಲಿದೆ.

ಫ್ಲಷ್ಷಿನಲ್ಲಿ ನೀರಿನ ಪ್ರಮಾಣದಷ್ಟೇ ಅದು ಧುಮುಕುವ ವೇಗವೂ ಮುಖ್ಯ. ಆರು ಲೀಟರ್ ನೀರು ಕೆಲವೇ ಸೆಕೆಂಡುಗಳಲ್ಲಿ ಒಮ್ಮೆಗೇ ಬಿದ್ದರೆ ಕಾರ್ಯ ಕೈಗೂಡುತ್ತದೆ. ಅದೇ ನೀರು ಸಣ್ಣಗೆ ಹರಿದರೆ ವ್ಯರ್ಥವಾಗಿ ಹೋಗುತ್ತದೆ. ಹಿಂದಿನ ಮನೆಗಳಲ್ಲಿ ತಲೆಯ ಮೇಲೆ ತೂಗುತ್ತಿದ್ದ ಬೀಡುಕಬ್ಬಿಣದ ತೊಟ್ಟಿಗೆ ಸರಪಳಿಯಿರುತ್ತಿತ್ತು. ಎಳೆದಾಗ ಒಳಗಿನ ಗಂಟೆಯಾಕಾರದ ಬಟ್ಟಲು ಮೇಲೇಳುತ್ತಿತ್ತು. ಬಿಟ್ಟೊಡನೆ ಅದು ಕೆಳಗೆ ಬಿದ್ದ ರಭಸಕ್ಕೆ ನೀರು ನಡುಗೊಳವೆಯೊಳಕ್ಕೆ ನುಗ್ಗಿ ತೊಟ್ಟಿಯನ್ನೆಲ್ಲ ಸೆಳೆದುಕೊಳ್ಳುತ್ತಿತ್ತು. ಸರಪಳಿಗೆ ಜೋತುಬಿದ್ದವರಿಗೆ ನೀರು ಸಿಗುತ್ತಿರಲಿಲ್ಲ. ಎಳೆದು ಕೈಬಿಟ್ಟವರಿಗೆ ಸಿಗುತ್ತಿತ್ತು.

ಇಂದಿನ ಫ್ಲಷ್ ಕೆಟ್ಟಾಗ ದೋಷ ಎಲ್ಲಿದೆಯೆಂದು ತೀರ್ಮಾನಿಸಲು ಅರ್ಧ ಬಕೆಟ್ಟು ನೀರಿಗಿಂತ ಉತ್ತಮ ನ್ಯಾಯಾಧೀಶನಿಲ್ಲ. ಬೇಸಿನ್ನಿನ ನೀರು ಎಂದಿನ ಮಟ್ಟದಲ್ಲಿದ್ದಾಗ ಅದನ್ನು ರಭಸವಾಗಿ ಸುರಿಯಬೇಕು. ಸರ್ರನೆ ಇಳಿದುಹೋದರೆ ಕೆಳಗಿನ ದಾರಿ ನಿರ್ದೋಷಿ, ಅಪರಾಧಿ ತೊಟ್ಟಿಯಲ್ಲಿದ್ದಾನೆ. ಮೇಲೇರಿ ನಿಂತರೆ ತಪ್ಪು ಕೆಳಗಿನದು.

ತೊಟ್ಟಿಯ ತಪ್ಪುಗಳು ಬಹುಮಟ್ಟಿಗೆ ಕಿರಿಯವು. ತೇಲುಗುಂಡು ತಗ್ಗಿದ್ದರೆ ತೊಟ್ಟಿ ಅರ್ಧ ತುಂಬುವಷ್ಟರಲ್ಲೇ ನೀರು ನಿಲ್ಲುತ್ತದೆ. ಗುಂಡಿನೊಳಗೆ ನೀರು ಸೇರಿ ಅದು ಮುಳುಗಿದರೆ ಎಂದಿಗೂ ನಿಲ್ಲುವುದಿಲ್ಲ. ನೀರು ಹೊರಹರಿವಿನ ಕೊಳವೆಯ ಬಾಯಿಗಿಂತ ಒಂದಂಗುಲ ಕೆಳಗೆ ನಿಂತರೆ ಎಲ್ಲವೂ ಸರಿಯಿದೆಯೆಂದರ್ಥ. ಹಿಡಿಯನ್ನು ನಾಲ್ಕೈದು ಸಲ ಅಮುಕಿದ ಮೇಲೆಯೇ ನೀರು ಬರುವ ತೊಟ್ಟಿಯಲ್ಲಿ ಸೈಫನ್ನಿನ ತೆಳುಹಾಳೆ ಹರಿದಿರುತ್ತದೆ. ಗುಂಡಿಯ ತೊಟ್ಟಿಯಲ್ಲಿ ನೀರು ಸದಾ ಜಿನುಗುತ್ತಿದ್ದರೆ ತಳದ ರಬ್ಬರ್ ವಾಷರ್ ಸವೆದಿರುತ್ತದೆ. ತೊಟ್ಟಿಗೆ ಅಡಿಗೆಯ ಬಣ್ಣ ಬೆರೆಸಿ ಅರ್ಧ ಗಂಟೆ ಯಾರೂ ಮುಟ್ಟದಂತೆ ನೋಡಿಕೊಂಡರೆ, ಬೇಸಿನ್ನಿನಲ್ಲಿ ಬಣ್ಣ ಕಂಡೊಡನೆ ಸೋರಿಕೆ ಸಿಕ್ಕಿಬೀಳುತ್ತದೆ. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಯಂತ್ರಗಳ ಬಲದಿಂದ ಬೆಟ್ಟದಷ್ಟು ಎತ್ತರಕ್ಕೇರಿ. ಅಷ್ಟು ಶ್ರಮದಿಂದ ಬಂದ ನೀರು ಒಂದು ಸಣ್ಣ ವಾಷರಿನ ದೆಸೆಯಿಂದ ರಾತ್ರಿಯೆಲ್ಲ ಮೋರಿ ಸೇರುವುದನ್ನು ನೆನೆದರೆ ಯಾರಿಗೂ ನಿದ್ರೆ ಬರಬಾರದು. ಇನ್ನು ನೀರುಳಿಸುವ ಆತುರದಲ್ಲಿ ಹೊಸ ಕಿರುತೊಟ್ಟಿಯೊಳಗೆ ಶೀಸೆಯನ್ನೋ ಇಟ್ಟಿಗೆಯನ್ನೋ ಇಡುವವರು ಒಂದು ಸಲದ ಕೆಲಸಕ್ಕೆ ಎರಡು ಸಲ ನೀರು ಸುರಿಸುತ್ತಾರೆ.

ಕೊಳವೆಬಾವಿಯ ಗಡುಸು ನೀರಿರುವ ಬಡಾವಣೆಗಳಲ್ಲಿ ಇನ್ನೊಂದು ತೊಂದರೆಯುಂಟು. ಬೇಸಿನ್ನಿನ ಅಂಚಿನ ಕೆಳಗಿರುವ ಸಣ್ಣ ರಂಧ್ರಗಳಲ್ಲಿ ಸುಣ್ಣ ಕಟ್ಟಿ, ನೀರು ಸುತ್ತಲಿಂದ ಧುಮುಕುವ ಬದಲು ಒಂದೆರಡು ಕಡೆ ಮಾತ್ರ ಒಸರುತ್ತದೆ. ವಿನಿಗರಿನಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿ ಅಲ್ಲಿಟ್ಟು ಬೆಳಗ್ಗೆ ಉಜ್ಜಿದರೆ ಅದು ಸಡಿಲುತ್ತದೆ. ಆಸಿಡ್ಡಿಗೆ ಕೈಹಾಕುವವರು ಒಂದನ್ನು ಮರೆಯಬಾರದು: ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ. ಕದ ಮುಚ್ಚಿದ ಆ ಕಿರುಗೋಣೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಬಕೆಟ್ಟಿನ ತೀರ್ಪು ಕೆಳಗಿನ ದಾರಿಯ ವಿರುದ್ಧ ಬಂದರೆ, ಪ್ಲಂಜರಿನಿಂದ ಬಾಗನ್ನು ಬಿಡಿಸಲು ಯತ್ನಿಸಬಹುದು. ಬಚ್ಚಲಿನ ನೀರೂ ನಿಧಾನವಾಗಿ ಇಳಿಯುತ್ತಿದ್ದರೆ ಕಟ್ಟಿಕೊಂಡಿರುವುದು ಬಹುಶಃ ಹೊರಗಿನ ಚೇಂಬರು. ಫ್ಲಷ್ ಮಾಡಿದಾಗ ಪಕ್ಕದ ಬಚ್ಚಲು ಗುಳುಗುಳು ಎಂದರೆ ತಾರಸಿಯ ಮೇಲಿನ ಗಾಳಿಗೊಳವೆಯನ್ನು ನೋಡಬೇಕು. ಅದರ ಬಾಯಿ ಹಕ್ಕಿಯ ಗೂಡಿನಿಂದಲೋ ಎಲೆಗಳಿಂದಲೋ ಮುಚ್ಚಿದಾಗ, ಹರಿಯುವ ನೀರು ಗಾಳಿಗಾಗಿ ಬಾಗಿನ ನೀರನ್ನೇ ಸೆಳೆಯುತ್ತದೆ. ಕಮಿಂಗನ ಕದ ತೆರೆದುಕೊಂಡು ಮನೆಯೆಲ್ಲ ನಾರುತ್ತದೆ.

ಇಷ್ಟಾದರೂ ಬಾಗನ್ನು ಕಟ್ಟಿಸುವ ವಸ್ತುಗಳೆಲ್ಲ ಮನುಷ್ಯನ ಕೈಯಿಂದಲೇ ಬಿದ್ದವು. ಮಗುವಿನ ಡೈಪರು, ಸ್ಯಾನಿಟರಿ ಪ್ಯಾಡು, ನೀರಿನಲ್ಲಿ ಕರಗದ ಒರೆಸುಹಾಳೆ, ಉಳಿದ ಸಾರಿನ ಎಣ್ಣೆ: ಕಣ್ಣಿಗೆ ಮರೆಯಾಯಿತೆಂದರೆ ಇಲ್ಲವಾಯಿತೆಂದೇ ಗೃಹಸ್ಥನ ನಂಬಿಕೆ. ಅವು ಇಲ್ಲವಾಗುವುದಿಲ್ಲ. ನೀರು ಕುಡಿದು ಉಬ್ಬಿ, ಮನೆಯ ಬಾಗಿನಲ್ಲಿ ನಿಲ್ಲದಿದ್ದರೆ ಬೀದಿಯ ಮ್ಯಾನ್‌ಹೋಲಿನಲ್ಲಿ ನಿಲ್ಲುತ್ತವೆ. ಆ ಗುಂಡಿಯ ಹೆಸರಿನಲ್ಲೇ ಮನುಷ್ಯನಿದ್ದಾನೆ.

ಒಣ ಪಾಯಿಖಾನೆಗಳ ಕಾಲದಲ್ಲಿ ಹಿತ್ತಲ ಓಣಿಯಿಂದ ಬಂದು ಅನ್ಯರ ಮಲವನ್ನು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಗಂಡಸಿನ ಮುಖವನ್ನಾಗಲಿ ಹೆಂಗಸಿನ ಮುಖವನ್ನಾಗಲಿ ನೋಡಿದ ಮನೆಗಳು ವಿರಳ. ಆ ಕೆಲಸವನ್ನು 1993ರ ಕಾನೂನು ನಿಷೇಧಿಸಿತು. ರಕ್ಷಣೋಪಕರಣಗಳಿಲ್ಲದೆ ಯಾರನ್ನೂ ಮೋರಿಗಾಗಲಿ ಮಲಗುಂಡಿಗಾಗಲಿ ಇಳಿಸಕೂಡದೆಂದು 2013ರ ಕಾನೂನು ವಿಧಿಸಿತು. ಅದು ಅಧಿಕಾರಿಗಳಿಗೆ ಅನ್ವಯಿಸುವಂತೆಯೇ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಯಿತೆಂಬುದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಫ್ಲಷ್ಷು ಮನುಷ್ಯನ ತಲೆಯಿಂದ ಒಂದು ಭಾರವನ್ನು ಇಳಿಸಲು ಬಂದ ಯಂತ್ರ. ಡೈಪರೊಂದನ್ನು ಅದರೊಳಕ್ಕೆ ಹಾಕಿದವನು ಆ ಭಾರವನ್ನು ಮತ್ತೆ ಯಾರದೋ ತಲೆಗೆ ಏರಿಸುತ್ತಾನೆ. ವಾಷರಿನ ಬೆಲೆ ಅಲ್ಪ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವ ಶ್ರಮ ಅದಕ್ಕಿಂತ ಅಲ್ಪ. ನೆಂಟರಿಗೆ ಆ ಬಾಗಿಲನ್ನು ತೆರೆದು ತೋರಿಸಬೇಕೆಂದು ಯಾರೂ ಹೇಳುವುದಿಲ್ಲ. ಮನೆಯ ಮಕ್ಕಳಿಗೆ ಮಾತ್ರ ಒಂದು ದಿನ ತೊಟ್ಟಿಯ ಮುಚ್ಚಳವನ್ನೆತ್ತಿ ತೋರಿಸಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರಿದ್ದಾರೆ ಎಂಬುದನ್ನು ತಿಳಿಸುವುದು ಒಳ್ಳೆಯದು.